ನಿಮಗಿದು ಗೊತ್ತೆ? ನಾಲ್ಕೇ ಪದ, ಕಡಲಾಚೆಗೂ ಪಯಣ!

ವರ್ಷಕ್ಕೊಮ್ಮೆ, ಒಂದೇ ಸಾಲು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ದೇವರ ಸೇವಕ ಗೊರವಯ್ಯ ಎತ್ತರದ ಬಿಲ್ಲನ್ನೇರಿ ನುಡಿಯುವ ಭವಿಷ್ಯವಾಣಿ, ಅಂದರೆ ಕಾರ್ಣಿಕ, ಅಷ್ಟೇ. 2025ರಲ್ಲಿ ಕೇಳಿಸಿದ್ದು ನಾಲ್ಕು ಪದ: ‘ತುಂಬಿದ ಕೊಡ ತುಳುಕಿತಲೇ ಪರಾಕ್’.

ಭರತ ಹುಣ್ಣಿಮೆ ಜಾತ್ರೆಗೆ ಮೈಲಾರದ ಡೆಂಕನಮರಡಿ ಬಯಲಿನಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸ ವ್ರತ ಹಿಡಿದ ಗೊರವಯ್ಯ ಬಿಲ್ಲಿನ ತುದಿಯಿಂದ ‘ಸದ್ದಲೇ’ ಎಂದರೆ ಸಾಕು, ಇಡೀ ಬಯಲು ಉಸಿರು ಬಿಗಿಹಿಡಿಯುತ್ತದೆ. ಆ ಮೌನವೇ ಮೈ ನವಿರೇಳಿಸುವಂಥದ್ದು. ನುಡಿದ ಮರುಕ್ಷಣ ಅವರು ಕೆಳಕ್ಕೆ ಧುಮುಕುತ್ತಾರೆ, ಭಕ್ತರು ಹಿಡಿದುಕೊಳ್ಳುತ್ತಾರೆ.

ಹಿಂದೆ ಈ ಮಾತು ಚಕ್ಕಡಿ ಹತ್ತಿ ಊರೂರಿಗೆ ಹೋಗುತ್ತಿತ್ತು. ಈಗ ಹುಡುಗರ ಮೊಬೈಲ್‌ಗಳು ಮೇಲೇಳುತ್ತವೆ. ನಿಮಿಷಗಳಲ್ಲಿ ವಿಡಿಯೊ ವಾಟ್ಸ್‌ಆ್ಯಪ್, ಯೂಟ್ಯೂಬ್ ಸೇರುತ್ತದೆ. ಕಡಲಾಚೆಯ ಕನ್ನಡಿಗರೂ ಅಂದೇ ಕೇಳಬಹುದು.

ಕಷ್ಟವಿರುವುದು ಕನ್ನಡ ಬಾರದ ಗೆಳೆಯರಿಗೆ ಅರ್ಥ ಹೇಳುವುದರಲ್ಲಿ. ಕೊಡ ತುಳುಕಿದ್ದು ಸಮೃದ್ಧಿಯೋ, ಕೈತಪ್ಪಿದ ನೀರೋ? ಮಳೆ ಬೆಳೆಯ ಮಾತೋ, ರಾಜಕಾರಣದ್ದೋ? ಮೈಲಾರದ ಕಟ್ಟೆಯ ಮೇಲೆ ಕೂತ ಹಿರಿಯರೂ ಇದನ್ನೇ ಚರ್ಚಿಸುತ್ತಾರೆ.