ಬೆಂಕಿಯತ್ತ ಓಡಿದವರ ಮಕ್ಕಳಿಗೆ ಕಾಲೇಜು ಫೀಸು ಮಾಫಿ

ಬೆಂಕಿ ಬಿದ್ದ ಕಟ್ಟಡದಿಂದ ಎಲ್ಲರೂ ಹೊರಗೆ ಓಡುವಾಗ ಒಳಗೆ ಓಡುವವರು ಕೆಲವರಿದ್ದಾರೆ. ಅಗ್ನಿಶಾಮಕ ದಳದವರು, ಪೊಲೀಸರು, ಆಂಬುಲೆನ್ಸ್ ಸಿಬ್ಬಂದಿ. ಅವರಲ್ಲೊಬ್ಬರು ಮರಳಿ ಮನೆಗೆ ಬಾರದಿದ್ದರೆ ಮೊದಲ ಕೆಲವು ದಿನ ಮನೆ ತುಂಬ ಜನ, ಪತ್ರಿಕೆಯಲ್ಲಿ ಫೋಟೋ, ಹೊಗಳಿಕೆಯ ಮಾತು. ಆಮೇಲೆ ಆ ಮನೆಯ ತಾಯಿಯ ಮುಂದೆ ಉಳಿಯುವುದೇನು? ಸಹೋದರಿಯರೇ, ನಿಮಗೆ ಗೊತ್ತು. ಮಕ್ಕಳ ಫೀಸು.

ಕಾಲೇಜು ಶಿಕ್ಷಣ ಬಹಳ ದುಬಾರಿಯಾಗಿರುವ ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಹುಡುಕಿದ್ದಾರೆ. ಕರ್ತವ್ಯದಲ್ಲಿ ಮಡಿದ ಇಂತಹವರ ಕುಟುಂಬಕ್ಕೆ ಇಡಿಗಂಟು ಪರಿಹಾರ ಕೊಡುವ ಕೇಂದ್ರ ಕಾನೂನು 1976ರಲ್ಲೇ ಬಂದಿತ್ತು. ಆದರೆ ಇಡಿಗಂಟು ಎಷ್ಟು ದಿನ ಉಳಿದೀತು? 1996ರಲ್ಲಿ ಕೇಂದ್ರದ ಪೊಲೀಸ್ ಅಧಿಕಾರಿಗಳ ಪತ್ನಿ ಅಥವಾ ಪತಿ ಮತ್ತು ಮಕ್ಕಳ ಓದಿಗೆ ನೆರವು ಆರಂಭವಾಯಿತು. 1998ರಲ್ಲಿ ಅದನ್ನು ರಾಜ್ಯ ಹಾಗೂ ಊರುಗಳ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಮೊದಲಾದವರ ಕುಟುಂಬಗಳಿಗೂ ವಿಸ್ತರಿಸಿದರು. ಮಕ್ಕಳಿಗೆ ಸಾಮಾನ್ಯವಾಗಿ 27 ವರ್ಷದವರೆಗೆ ಇದು ಸಿಗುತ್ತದೆ. ವಿಧವೆಯೂ ಓದಬಹುದು ಎಂದು ಆ ಕಾನೂನು ಭಾವಿಸಿದೆಯಲ್ಲ, ನನಗೆ ಹೆಚ್ಚು ಹಿಡಿಸಿದ್ದು ಅದು.

ಇದು ಕೈಗೆ ಬರುವ ಹಣ. ಶುಲ್ಕ ಮಾಫಿ ಬೇರೆ. ಅಲ್ಲಿ ಹಣ ಕೈಗೆ ಬರುವುದಿಲ್ಲ, ಕಾಲೇಜು ಫೀಸನ್ನೇ ಕೇಳುವುದಿಲ್ಲ. ಇದನ್ನು ರಾಜ್ಯಗಳು ತಂತಮ್ಮ ಸರಕಾರಿ ಕಾಲೇಜುಗಳಲ್ಲಿ ಕೊಡುತ್ತವೆ. ಟೆಕ್ಸಾಸ್ ರಾಜ್ಯದಲ್ಲಿ ಮಡಿದವರ ಮಕ್ಕಳಿಗೆ ಮಾತ್ರವಲ್ಲ, ಕರ್ತವ್ಯದಲ್ಲಿ ಅಂಗವಿಕಲರಾದವರ ಮಕ್ಕಳಿಗೂ ಶುಲ್ಕ ಮಾಫಿಯಿದೆ. ಕೆಲಸದಲ್ಲಿರುವ ಅಗ್ನಿಶಾಮಕ ಸಿಬ್ಬಂದಿ ತಮ್ಮ ವೃತ್ತಿಗೆ ಸಂಬಂಧಿಸಿದ ಕೋರ್ಸ್ ಸೇರಿದರೆ ಅವರಿಗೂ ಉಂಟು. ಆದರೆ ಫೀಸು ಮಾಫಿಯಾದ ಮಾತ್ರಕ್ಕೆ ಓದು ಪುಕ್ಕಟೆಯಾಗುವುದಿಲ್ಲ. ಹಾಸ್ಟೆಲ್, ಊಟ, ಪುಸ್ತಕ, ಬಸ್ಸಿನ ಖರ್ಚು ತಾಯಿಯ ತಲೆಯ ಮೇಲೆಯೇ ಇರುತ್ತದೆ. ನ್ಯೂಯಾರ್ಕ್ ರಾಜ್ಯ ಇದನ್ನು ಅರ್ಥ ಮಾಡಿಕೊಂಡಂತೆ ಕಾಣುತ್ತದೆ. ಅಲ್ಲಿನ ಸ್ಮಾರಕ ವಿದ್ಯಾರ್ಥಿವೇತನ ಶುಲ್ಕದ ಜೊತೆಗೆ ವಸತಿ, ಊಟ, ಪುಸ್ತಕಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಆದರೆ ಇವೆಲ್ಲದಕ್ಕೂ ಮೊದಲು ಒಂದು ಬಾಗಿಲು ದಾಟಬೇಕು. ಹೋದವನು 'ಕರ್ತವ್ಯದಲ್ಲಿ' ಹೋದನೇ? ಅವನ ಹೆಸರು ಯಾವ ಪಟ್ಟಿಯಲ್ಲಿದೆ?

ಮುಹಮ್ಮದ್ ಸಲ್ಮಾನ್ ಹಮ್ದಾನಿಯ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕರಾಚಿಯಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ಅಮೆರಿಕಕ್ಕೆ ಹೋದವನು. ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ 2001ರಲ್ಲಿ ಪದವಿ ಪಡೆದ. ಆಂಬುಲೆನ್ಸಿನಲ್ಲಿ ದುಡಿದಿದ್ದ, ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಕೆಡೆಟ್ ಆಗಿದ್ದ. ಕೆಡೆಟ್ ಎಂದರೆ ಕಾಲೇಜು ಓದುತ್ತಾ ಇಲಾಖೆಯಲ್ಲಿ ಅರೆಕಾಲಿಕವಾಗಿ ದುಡಿಯುವ ವಿದ್ಯಾರ್ಥಿ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಪ್ರಯೋಗಾಲಯದ ಕೆಲಸಕ್ಕೆಂದು ಮನೆಯಿಂದ ಹೊರಟವನು ಹಿಂದಿರುಗಲಿಲ್ಲ. ಅವನಿಗೆ ಆಗ 23 ವರ್ಷ. ಮುಂದಿನ ತಿಂಗಳು ಅಲ್ಲಿನ ಒಂದು ಪತ್ರಿಕೆ, ಇವನು ಕಾಣೆಯಾದನೋ ಅಡಗಿಕೊಂಡನೋ ಎಂದು ಕೇಳಿತು. ಅದೇ ತಿಂಗಳು ಅಮೆರಿಕ ಜಾರಿಗೆ ತಂದ ಪೇಟ್ರಿಯಟ್ ಕಾನೂನು, ರಕ್ಷಣಾ ಕಾರ್ಯಕ್ಕೆ ನೆರವಾಗಲು ಅಲ್ಲಿಗೆ ಹೋಗಿ ಕಾಣೆಯಾಗಿರಬೇಕೆಂದು ಅವನನ್ನು ಹೆಸರಿಸಿತು. 2002ರ ಮಾರ್ಚ್‌ನಲ್ಲಿ, ಅವಶೇಷಗಳಡಿಯಲ್ಲಿ ಸಿಕ್ಕಿದ್ದು ಅವನದೇ ದೇಹದ ಭಾಗಗಳೆಂದು ಮನೆಯವರಿಗೆ ತಿಳಿಸಿದರು. ಏಪ್ರಿಲ್‌ನಲ್ಲಿ ಪೊಲೀಸ್ ಗೌರವದೊಂದಿಗೆ ಅಂತ್ಯಸಂಸ್ಕಾರವಾಯಿತು.

ಅಷ್ಟಾದರೂ, ದುರಂತದ ಸ್ಥಳದಲ್ಲಿ ಕಟ್ಟಿದ ಸ್ಮಾರಕದಲ್ಲಿ ಪೊಲೀಸರೂ ಅಗ್ನಿಶಾಮಕ ದಳದವರೂ ಇರುವ ಸಾಲಿನಲ್ಲಿ ಅವನ ಹೆಸರು ಕೆತ್ತಲಿಲ್ಲ, ಬೇರೆಡೆ ಕೆತ್ತಿದರು. ಶಾಲಾ ಶಿಕ್ಷಕಿಯಾಗಿದ್ದ ತಾಯಿ ತಲತ್ ಹಮ್ದಾನಿ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. 2014ರಲ್ಲಿ ಮನೆಯ ಬಳಿಯ ರಸ್ತೆಗೆ ಮಗನ ಹೆಸರು ಬಂತು. ಅವನು ಓದಿದ ಕಾಲೇಜಿನಲ್ಲಿ ಅವನ ಹೆಸರಿನ ವಿದ್ಯಾರ್ಥಿವೇತನವೂ ಇದೆ.

ಪಟ್ಟಿಯ ತೊಡಕು ಅಲ್ಲಿಗೇ ಮುಗಿಯಲಿಲ್ಲ. ಆ ದಿನ ನ್ಯೂಯಾರ್ಕಿನ ಅಗ್ನಿಶಾಮಕ ದಳದ 343 ಮಂದಿ ಮಡಿದರು. ಅವಶೇಷಗಳ ವಿಷದ ಧೂಳು ಕುಡಿದು ಕಾಯಿಲೆಬಿದ್ದು ಆನಂತರ ತೀರಿಕೊಂಡ ಅದೇ ದಳದವರ ಸಂಖ್ಯೆಯೂ 2023ರ ಸೆಪ್ಟೆಂಬರ್ ವೇಳೆಗೆ 343ಕ್ಕೆ ಮುಟ್ಟಿತು. ಎಷ್ಟೋ ವರ್ಷದ ನಂತರ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ತಂದೆಯೂ ಕರ್ತವ್ಯದಲ್ಲೇ ಹೋದವನಲ್ಲವೇ? ಸೆಪ್ಟೆಂಬರ್ 11ರ ಸಂತ್ರಸ್ತರ ಕುಟುಂಬಗಳಿಗಾಗಿ ನ್ಯೂಯಾರ್ಕ್ ಸರಕಾರ ತಂದ ವಿದ್ಯಾರ್ಥಿವೇತನದಲ್ಲಿ ಆನಂತರದ ರಕ್ಷಣಾ ಕಾರ್ಯದಿಂದ ಸತ್ತವರ ಮಕ್ಕಳನ್ನೂ ಸೇರಿಸಿದ್ದಾರೆ. ಆದರೆ ಕಾಯಿಲೆಗೂ ಕೆಲಸಕ್ಕೂ ಇರುವ ನಂಟನ್ನು ಕಾಗದದಲ್ಲಿ ತೋರಿಸಬೇಕಾಗುತ್ತದೆ. ಡ್ಯೂಟಿ ದಾಖಲೆ, ವೈದ್ಯರ ಚೀಟಿಗಳನ್ನು ಯಾರು ಜೋಪಾನ ಮಾಡಿರುತ್ತಾರೆ? ಹೆಚ್ಚಾಗಿ ಹೆಂಡತಿಯೇ.

ನಮ್ಮಲ್ಲೇನಿದೆ ಎಂದು ನೀವು ಕೇಳುವಿರಿ. ಮಾಜಿ ಸೈನಿಕರು ಮತ್ತು ಅರೆಸೇನಾ ಪಡೆಗಳವರ ಮಕ್ಕಳಿಗೂ ವಿಧವೆಯರಿಗೂ ವೃತ್ತಿಪರ ಪದವಿ ಓದಲು ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ ಇದೆ. 2019ರಲ್ಲಿ ತಿಂಗಳ ಮೊತ್ತವನ್ನು ಹುಡುಗರಿಗೆ 2,000 ರೂಪಾಯಿಯಿಂದ 2,500ಕ್ಕೆ, ಹುಡುಗಿಯರಿಗೆ 2,250ರಿಂದ 3,000ಕ್ಕೆ ಏರಿಸಿದರು. ಹುಡುಗಿಗೆ ಹೆಚ್ಚು ಕೊಟ್ಟದ್ದನ್ನು ಗಮನಿಸಿ. ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಮಡಿದ ರಾಜ್ಯ ಪೊಲೀಸರ ಮಕ್ಕಳನ್ನೂ ಆಗಲೇ ಸೇರಿಸಿದರು, ವರ್ಷಕ್ಕೆ 500 ಮಂದಿಯ ಮಿತಿಯಲ್ಲಿ. ಕರ್ನಾಟಕದ ಪೊಲೀಸ್ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಬೆಂಕಿ ನಂದಿಸಲು ಹೋಗಿ ಹೊಗೆಯಲ್ಲಿ ಉಸಿರುಗಟ್ಟಿದ ಅಗ್ನಿಶಾಮಕ ಸಿಬ್ಬಂದಿಯ ಮಗಳು, ರಾತ್ರಿ ರೋಗಿಯನ್ನು ಸಾಗಿಸುವಾಗ ಅಪಘಾತದಲ್ಲಿ ಸತ್ತ 108 ಆಂಬುಲೆನ್ಸ್ ಚಾಲಕನ ಮಗ, ಇವರು ಆ 2019ರ ತೀರ್ಮಾನದಲ್ಲಿ ಬರಲಿಲ್ಲ.