ನಂಬರ್ ಕೊಟ್ಟೆನೋ, ಫೋನನ್ನೇ ಮಾಡಿದೆನೋ?

ಅಬ್ಬಾ ನವಲಗುಂದದ ಬೀಜದ ಅಂಗಡಿಯಲ್ಲಿ “ಮಾಲು ಬಂದ್ರ ಫೋನ್ ಮಾಡ್ರಿ” ಅಂತ ನಂಬರ್ ಕೊಟ್ಟು ಬರುತ್ತಾರೆ. ಪ್ರೋಗ್ರಾಮಿನಲ್ಲಿ ಕಾಲ್‌ಬ್ಯಾಕ್ ಅಂದರೆ ಹೀಗೆಯೇ: ಕೆಲಸ ಮುಗಿದ ಮೇಲೆ ಕರೆಯಲೆಂದು ಒಂದು ಫಂಕ್ಷನ್‌ಗೆ ಇನ್ನೊಂದರ ಹೆಸರು ಕೊಡುವುದು.

ಲ್ಯಾಬಿನಲ್ಲಿ ಪೈಥಾನ್‌ನಲ್ಲಿ ಬಡ್ಡಿ ಲೆಕ್ಕ ಬರೆಯುವಾಗ ನಾನು ಆ ಹೆಸರಿನ ಕೊನೆಗೆ ಕಂಸ ( ) ಹಾಕಿಬಿಟ್ಟೆ. ನಂಬರ್ ಕೊಡುವ ಬದಲು ಅಲ್ಲೇ ಫೋನ್ ಮಾಡಿದಂತಾಯಿತು! ಲೆಕ್ಕ ಶುರುವಾಗುವ ಮೊದಲೇ ಪರದೆಯ ಮೇಲೆ “ಲೆಕ್ಕ ಮುಗಿಯಿತು” ಎಂದು ಬಂತು. ಫಂಕ್ಷನ್‌ಗೆ ಸಿಕ್ಕಿದ್ದು ಬರೀ ‘ನನ್’, ಅಂದರೆ ಏನೂ ಇಲ್ಲ. ಕೊನೆಗೆ ಟೈಪ್‌ಎರರ್.

ಇದನ್ನು ಮೊದಲೇ ಹಿಡಿಯಲು ‘ಕಾಲಬಲ್’ ಇದೆ. ಕೈಗೆ ಬಂದದ್ದನ್ನು ಕರೆಯಲು ಬರುತ್ತದೋ ಇಲ್ಲವೋ ಹೇಳುತ್ತದೆ. (ಪೈಥಾನ್ 3.0ರಲ್ಲಿ ಇದನ್ನು ತೆಗೆದಿದ್ದರು, 2011ರಲ್ಲಿ 3.2ಕ್ಕೆ ಮರಳಿ ತಂದರು.) ಆದರೆ ಆ ಫಂಕ್ಷನ್ ಎಷ್ಟು ಆರ್ಗ್ಯುಮೆಂಟ್ ಬೇಡುತ್ತದೆ ಎಂದು ಹೇಳುವುದಿಲ್ಲ, ಅದಕ್ಕೆ ‘ಇನ್‌ಸ್ಪೆಕ್ಟ್’ ಮಾಡ್ಯೂಲಿನ ‘ಸಿಗ್ನೇಚರ್’ ನೋಡಬೇಕು.