ಕಂಡರೂ ನಿಲ್ಲದೆ ಹೋಗುವುದೇಕೆ?



ಕೆಲವು ತಿಂಗಳ ಹಿಂದಿನ ಮಾತು. ಒಂದು ಶುಕ್ರವಾರ ನಮ್ಮ ಮಸೀದಿಯ ಹೌಝ್ ಪಕ್ಕದ ಕಟ್ಟೆಯಲ್ಲಿ ಜಮಾಅತಿನ ಹಿರಿಯರೊಬ್ಬರು ತಲೆ ತಗ್ಗಿಸಿ ಕುಳಿತಿದ್ದರು. ಖುತ್ಬಾಕ್ಕೆ ಹೆಚ್ಚು ಹೊತ್ತಿರಲಿಲ್ಲ. ಜನರು ವುಝೂ ಮುಗಿಸಿ, ಮಡಚಿದ ತೋಳು ಇಳಿಸಿಕೊಳ್ಳುತ್ತಾ ಅವರ ಮುಂದಿನಿಂದಲೇ ಒಳಗೆ ಹೋಗುತ್ತಿದ್ದರು. ನಾವೂ ಹೋದೆವು. ಅಂದಿನ ಖುತ್ಬಾದ ವಿಷಯ ನೆರೆಯವರ ಹಕ್ಕುಗಳು. ಅದರ ಟಿಪ್ಪಣಿ ನಮ್ಮ ಜೇಬಿನಲ್ಲೇ ಇತ್ತು. ಹಿರಿಯರಿಗೆ ಸಲಾಂ ಹೇಳಿದೆವು, ಆದರೆ ನಿಲ್ಲಲಿಲ್ಲ.

ನಮಾಝ್ ಮುಗಿದು ಜನ ಹೊರಬಂದಾಗಲೂ ಅವರು ಅಲ್ಲೇ ಇದ್ದರು. ಚಪ್ಪಲಿ ಹುಡುಕಲು ಬಗ್ಗಿದ ಮದ್ರಸದ ಹುಡುಗನೊಬ್ಬ ಅವರ ಮುಖ ನೋಡಿ, "ಅಜ್ಜ ಬೆವರಿ ಒದ್ದೆಯಾಗಿದ್ದಾರೆ!" ಎಂದು ಕೂಗಿದ. ಅವರು ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಮಾತ್ರೆ ನುಂಗಿ ತಿಂಡಿ ತಿಂದಿರಲಿಲ್ಲ, ಶುಗರ್ ತೀರಾ ಇಳಿದುಹೋಗಿತ್ತು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಹಮ್ದುಲಿಲ್ಲಾಹ್, ಚೇತರಿಸಿಕೊಂಡರು. ಸಂಜೆ ನೋಡಲು ಹೋದಾಗ ಅವರು ನಮ್ಮ ಕೈ ಹಿಡಿದು ಹೇಳಿದರು: "ಉಸ್ತಾದರೇ, ನಿಮ್ಮ ಸಲಾಂ ಕೇಳಿಸಿತ್ತು. ಜವಾಬು ಹೇಳಲು ನಾಲಗೆ ಏಳಲಿಲ್ಲ." ಸಲಾಮಿಗೆ ಜವಾಬು ಬರಲಿಲ್ಲ ಎಂಬುದನ್ನೇ ನಾವು ಗಮನಿಸಿರಲಿಲ್ಲ.

ಮುಂದಿನ ವಾರವಿಡೀ ಮಹಲ್ಲಾದಲ್ಲಿ ಇದೇ ಮಾತು. ಜನರಲ್ಲಿ ಕರುಣೆ ಸತ್ತಿದೆ, ಈಮಾನ್ ದುರ್ಬಲವಾಗಿದೆ, ಎಲ್ಲ ಮೊಬೈಲಿನ ಪ್ರಭಾವ ಎಂದರು. ಇದರ ಬಗ್ಗೆ ಕಠಿಣವಾದ ಒಂದು ಖುತ್ಬಾ ಕೊಡಿ ಎಂದು ಒಬ್ಬರು ಕೇಳಿಕೊಂಡರು. ನಮಗೆ ಅದಕ್ಕೆ ಮನಸ್ಸು ಬರಲಿಲ್ಲ. ಏಕೆಂದರೆ ಅಂದು ಹೌಝ್ ಮುಂದೆ ಹಾದುಹೋದವರು ಯಾರೆಂದು ನಮಗೆ ಗೊತ್ತು. ನಡುರಾತ್ರಿ ರಕ್ತ ಬೇಕೆಂದು ಫೋನ್ ಬಂದರೆ ಎದ್ದು ಹೋಗುವವರು ಅವರಲ್ಲಿದ್ದರು. ಮಯ್ಯಿತ್ ಆದ ಮನೆಗೆ ಯಾರೂ ಹೇಳದೆಯೇ ಊಟ ತಲುಪಿಸುವವರು ಇದ್ದರು. ಅದೇ ಜನ, ಅದೇ ಹೃದಯ. ಆ ಹತ್ತು ನಿಮಿಷ ಮಾತ್ರ ಬೇರೆ ಏನೋ ಕೆಲಸ ಮಾಡಿತ್ತು. ಅದೇನು ಎಂಬುದನ್ನು ಮಿಂಬರಿನಿಂದ ಸಂಕ್ಷಿಪ್ತವಾಗಿ ಹೇಳಿದ್ದೆವು. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಬಿ.ಎ.ಯಲ್ಲಿ ಮನಶ್ಶಾಸ್ತ್ರ ನಮಗೆ ಒಂದು ವಿಷಯವಾಗಿತ್ತು. ಪರೀಕ್ಷೆಗೆಂದು ಓದಿ ಮರೆತಿದ್ದ ಒಂದು ಪ್ರಯೋಗ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಅದು ನಡೆದದ್ದು ಅಮೆರಿಕದ ಪ್ರಿನ್ಸ್‌ಟನ್ ಎಂಬಲ್ಲಿ, ಪಾದ್ರಿಗಳಾಗಲು ಕಲಿಯುವವರ ಒಂದು ವಿದ್ಯಾಲಯದಲ್ಲಿ. ನಮ್ಮ ಅರಬಿ ಕಾಲೇಜುಗಳಂತೆ ಎನ್ನಿ. ನಡೆಸಿದವರು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು. ಅದರ ವರದಿ ಪ್ರಕಟವಾದದ್ದು 1973ರಲ್ಲಿ.

ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಭಾಷಣ ಮಾಡಬೇಕೆಂದು ಹೇಳಲಾಯಿತು. ಕೆಲವರಿಗೆ ಕೊಟ್ಟ ವಿಷಯ ಉದ್ಯೋಗ. ಉಳಿದವರಿಗೆ ಕ್ರೈಸ್ತರ ಗ್ರಂಥದಲ್ಲಿರುವ ಒಂದು ದೃಷ್ಟಾಂತ ಕಥೆ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ದರೋಡೆಗೆ ಸಿಕ್ಕಿ ಗಾಯಗೊಂಡು ಬಿದ್ದವನನ್ನು ಧರ್ಮಗುರುವೊಬ್ಬ ನೋಡಿಯೂ ದಾಟಿ ಹೋಗುತ್ತಾನೆ, ಜನ ಕೀಳಾಗಿ ಕಾಣುತ್ತಿದ್ದ ಸಮಾರಿಯದವನೊಬ್ಬ ನಿಂತು ಉಪಚರಿಸುತ್ತಾನೆ ಎಂಬ ಕಥೆ ಅದು. ಹೊರಡುವಾಗ ಕೆಲವರಿಗೆ "ಆಗಲೇ ತಡವಾಗಿದೆ, ಅಲ್ಲಿ ನಿಮಗಾಗಿ ಕಾಯುತ್ತಿದ್ದಾರೆ" ಎಂದು ಹೇಳಿದರು. ಕೆಲವರಿಗೆ ನೇರವಾಗಿ ಹೋಗಿ ಎಂದಷ್ಟೇ. ಇನ್ನು ಕೆಲವರಿಗೆ ಇನ್ನೂ ಸಮಯವಿದೆ, ಸುಮ್ಮನೆ ಹೊರಡಿ ಎಂದರು. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ, ಒಂದು ಬಾಗಿಲ ಬಳಿ, ಒಬ್ಬ ಮನುಷ್ಯ ತಲೆ ತಗ್ಗಿಸಿ ಕಣ್ಣು ಮುಚ್ಚಿ ಕುಸಿದು ಕುಳಿತಿದ್ದ. ಹತ್ತಿರ ಬಂದಾಗ ಕೆಮ್ಮಿ ನರಳುತ್ತಿದ್ದ. ಪ್ರಯೋಗ ನಡೆಸುವವರೇ ಅವನನ್ನು ಅಲ್ಲಿ ಕೂರಿಸಿದ್ದರು.

ಒಟ್ಟು 40 ವಿದ್ಯಾರ್ಥಿಗಳಲ್ಲಿ ಸಹಾಯಕ್ಕೆ ಮುಂದಾದವರು 16 ಮಂದಿ. ಸಮಯವಿದ್ದವರಲ್ಲಿ ಶೇಕಡಾ 63, ನಡುವಿನವರಲ್ಲಿ 45, ತಡವಾಗಿದೆ ಎಂದು ಕೇಳಿಸಿಕೊಂಡವರಲ್ಲಿ ಬರೀ 10. ಅವಸರದಲ್ಲಿದ್ದ ಕೆಲವರು ಆ ಮನುಷ್ಯನನ್ನು ಅಕ್ಷರಶಃ ದಾಟಿಕೊಂಡು ಹೋದರು. ಭಾಷಣದ ವಿಷಯ ಬಿದ್ದವನಿಗೆ ನೆರವಾಗುವುದೇ ಆಗಿದ್ದವರೂ ಹಾಗೆ ಹೋಗಿದ್ದಾರೆ. ಆ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೂ ಉದ್ಯೋಗದ ಬಗ್ಗೆ ಯೋಚಿಸುತ್ತಿದ್ದವರಿಗೂ ನಡುವೆ ಖಚಿತವಾಗಿ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟು ಅವರ ಧಾರ್ಮಿಕತೆಯನ್ನೂ ಅಳೆದಿದ್ದರು. ಯಾರು ನಿಲ್ಲುತ್ತಾರೆ ಎಂದು ಊಹಿಸಲು ಅದೂ ನೆರವಾಗಲಿಲ್ಲ. ನೆರೆಯವರ ಹಕ್ಕುಗಳ ಟಿಪ್ಪಣಿಯನ್ನು ಜೇಬಿನಲ್ಲಿಟ್ಟುಕೊಂಡು ನಡೆದ ನಮಗೆ ಇದನ್ನು ಓದುವುದು ಸುಲಭವಾಗಿರಲಿಲ್ಲ.

ಇನ್ನೊಂದು ಅಂಶವನ್ನು ಆ ಸಂಶೋಧಕರು ಗಮನಿಸಿದರು. ನಿಲ್ಲದೆ ಹೋದವರಲ್ಲಿ ಹಲವರು ಭಾಷಣದ ಸ್ಥಳ ತಲುಪಿದಾಗ ಕಳವಳಗೊಂಡಿದ್ದರು. ಅವರ ಮನಸ್ಸು ಕಲ್ಲಾಗಿರಲಿಲ್ಲ. ಅಲ್ಲಿ ಕಾಯುತ್ತಿರುವವರಿಗೆ ಕೊಟ್ಟ ಮಾತು ಒಂದು ಕಡೆ ಎಳೆಯುತ್ತಿತ್ತು, ನರಳುವ ಮನುಷ್ಯ ಇನ್ನೊಂದು ಕಡೆ. ಇನ್ನು ಕೆಲವರಿಗೆ ಅವಸರದಲ್ಲಿ ಆ ನೋಟದ ಅರ್ಥವೇ ಮನಸ್ಸಿಗೆ ಇಳಿದಿರಲಿಲ್ಲ.

ಅವಸರದ ಕಥೆ ಇದು. ಆದರೆ ಅಂದು ನಮ್ಮ ಹೌಝ್ ಬಳಿ ಇನ್ನೊಂದು ಸಂಗತಿಯೂ ಇತ್ತು, ಜನಸಂದಣಿ. ಡಾರ್ಲಿಯವರೇ ಬಿಬ್ ಲಟಾನೆ ಎಂಬವರ ಜೊತೆ ಸೇರಿ 1968ರಲ್ಲಿ ಪ್ರಕಟಿಸಿದ ಮತ್ತೊಂದು ಪ್ರಯೋಗವಿದೆ. ಕೋಣೆಯಲ್ಲಿ ಕುಳಿತು ಪ್ರಶ್ನೆಪತ್ರಿಕೆ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಇದ್ದಾಗ ನಾಲ್ವರಲ್ಲಿ ಮೂವರು ಎದ್ದು ಹೋಗಿ ತಿಳಿಸಿದರು. ಹೊಗೆ ಕಂಡರೂ ಏನೂ ಆಗದಂತೆ ಕೂರಲು ಮೊದಲೇ ಹೇಳಿಟ್ಟ ಇಬ್ಬರು ಜೊತೆಯಲ್ಲಿದ್ದಾಗ 10 ಮಂದಿಯಲ್ಲಿ ಒಬ್ಬರು ಮಾತ್ರ ಎದ್ದರು. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಬರೆಯುತ್ತಲೇ ಇದ್ದರು. ಕೇಳಿದರೆ, ಹೊಗೆಯಲ್ಲ, ಬರೀ ಆವಿ ಎಂದುಕೊಂಡೆವು ಎಂದರು. ಬಲಬದಿಯವರು ಸುಮ್ಮನಿದ್ದಾರೆ, ಎಡಬದಿಯವರೂ ಸುಮ್ಮನಿದ್ದಾರೆ, ಹಾಗಾದರೆ ಏನೂ ಇರಲಿಕ್ಕಿಲ್ಲ ಎಂದು ಪ್ರತಿಯೊಬ್ಬರೂ ಇನ್ನೊಬ್ಬರ ಮುಖದಲ್ಲಿ ಓದಿದರು. ನಮ್ಮ ಹಿರಿಯರ ಮುಂದೆ ಹಾದುಹೋದವರನ್ನು ಕೇಳಿದಾಗಲೂ ಇದೇ ಉತ್ತರ ಸಿಕ್ಕಿತು: "ಬಿಸಿಲಿಗೆ ದಣಿದು ಕುಳಿತಿದ್ದಾರೆ ಎಂದುಕೊಂಡೆ. ಬೇರೆಯವರೂ ನೋಡುತ್ತಿದ್ದರಲ್ಲ?"

ಈ ಅಧ್ಯಯನಗಳಿಗೆ ಹಿನ್ನೆಲೆಯಾದ ಘಟನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯಾಯಿತು. ಸುಮಾರು 38 ಮಂದಿ ಕಿಟಕಿಯಿಂದ ನೋಡುತ್ತಾ ನಿಂತರು, ಯಾರೂ ಅಲುಗಲಿಲ್ಲ ಎಂದು ಪತ್ರಿಕೆ ಬರೆಯಿತು. ಪುಸ್ತಕಗಳೂ ವರ್ಷಗಟ್ಟಲೆ ಅದನ್ನೇ ಹೇಳಿದವು, ನಾವೂ ಹಾಗೆಯೇ ಓದಿದೆವು. ಅದು ಬಹಳ ಉತ್ಪ್ರೇಕ್ಷೆಯೆಂದು ಆಮೇಲೆ ತಿಳಿದುಬಂತು. ಎಲ್ಲರೂ ಪೂರ್ತಿಯಾಗಿ ಕಂಡಿರಲೇ ಇಲ್ಲ. ನೆರೆಮನೆಯ ಹೆಂಗಸೊಬ್ಬರು ಕೆಳಗೋಡಿ ಬಂದು, ಸಾಯುತ್ತಿದ್ದ ಆಕೆಯನ್ನು ತೋಳಲ್ಲಿ ಹಿಡಿದುಕೊಂಡಿದ್ದರು. "ಜನ ಕೆಟ್ಟುಹೋದರು" ಎಂಬ ಸುದ್ದಿಯನ್ನು ನಾವು ಎಷ್ಟು ಬೇಗ ನಂಬುತ್ತೇವೆ ನೋಡಿ. ಬೀದಿಯ ಕ್ಯಾಮೆರಾಗಳಲ್ಲಿ ಸೆರೆಯಾದ ಜಗಳಗಳನ್ನು ಬ್ರಿಟನ್, ನೆದರ್‌ಲ್ಯಾಂಡ್ಸ್ ಮತ್ತು ದಕ್ಷಿಣ ಆಫ್ರಿಕಾಗಳಿಂದ ತೆಗೆದು ಪರಿಶೀಲಿಸಿದ, 2019ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ, ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದಿದ್ದರು. ಜಗಳ ಎಲ್ಲರಿಗೂ ಜಗಳವಾಗಿಯೇ ಕಾಣುತ್ತದೆ. ಸುಮ್ಮನೆ ಕುಳಿತ ಮುದುಕ ಕಾಯಿಲೆಯವನೆಂದು ಯಾರಿಗೆ ಕಾಣಬೇಕು? ವ್ಯತ್ಯಾಸ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಸನ್ನಿವೇಶವೇ ಎಲ್ಲವನ್ನೂ ಮಾಡಿಸುತ್ತದೆ, ನಮ್ಮ ಮೇಲೆ ಹೊಣೆಯಿಲ್ಲ ಎನ್ನಬಹುದೇ ಎಂದು ಜುಮಾದ ನಂತರ ಯುವಕನೊಬ್ಬ ಕೇಳಿದ. ಇಲ್ಲ. ಪ್ರಿನ್ಸ್‌ಟನ್ನಿನಲ್ಲಿ ಅವಸರವಿದ್ದ 10 ಮಂದಿಯಲ್ಲೂ ಒಬ್ಬ ಸಹಾಯ ಮಾಡಿದ್ದಾನಲ್ಲ? ನಾಳೆ ಅಲ್ಲಾಹನ ಮುಂದೆ ನಮ್ಮನ್ನು ನಮ್ಮ ಕೆಲಸದ ಬಗ್ಗೆಯೇ ಕೇಳಲಾಗುವುದು. ಆದರೆ ಇನ್ನೊಬ್ಬನ ತಪ್ಪನ್ನು ಕಂಡಾಗ ಅವನ ಹೃದಯದ ಮೇಲೆ ತೀರ್ಪು ಕೊಡುವ ಮುಂಚೆ ಅವನು ನಿಂತಿದ್ದ ಜಾಗವನ್ನು ನೋಡಬೇಕು. ಮತ್ತು ಆ ಜಾಗವನ್ನು ಹಾಗೆ ಮಾಡಿಟ್ಟವರು ಯಾರು ಎಂದು ಕೇಳಬೇಕು.

ಇದನ್ನು ಕೇಳಿಕೊಂಡಾಗ ಉತ್ತರದ ಒಂದು ಪಾಲು ನಮ್ಮ ಮೇಲೆಯೇ ಬಂತು. ನಮ್ಮ ಜಮಾಅತಿನಲ್ಲಿ ಗ್ಯಾರೇಜಿನವರು, ಅಂಗಡಿಯ ಕೆಲಸದವರು, ಗಾರೆ ಕೆಲಸದವರು ಹೆಚ್ಚು. ಜುಮಾಕ್ಕೆಂದು ಅವರಿಗೆ ಸಿಗುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ನಾವು ಒಂದು ವಾರ ಬಯಾನನ್ನು ಬೇಗ ಮುಗಿಸುತ್ತಿದ್ದೆವು, ಇನ್ನೊಂದು ವಾರ ಹತ್ತು ನಿಮಿಷ ಎಳೆಯುತ್ತಿದ್ದೆವು. ಜಮಾಅತ್ ಎಷ್ಟು ಹೊತ್ತಿಗೆ ಎಂದು ಯಾರಿಗೂ ಖಚಿತವಿಲ್ಲ, ಹಾಗಾಗಿ ಎಲ್ಲರಿಗೂ ಓಟ. ಮಗು ಅಳುವುದು ಕೇಳಿದರೆ ತಾಯಿಗೆ ಕಷ್ಟವಾದೀತೆಂದು ಪ್ರವಾದಿವರ್ಯರು(ಸ) ನಮಾಝನ್ನೇ ಚಿಕ್ಕದು ಮಾಡುತ್ತಿದ್ದರು. ಇಕಾಮತ್ ಕೇಳಿಸಿದರೂ ಓಡಿ ಬರಬಾರದು, ಸಮಾಧಾನದಿಂದ ನಡೆದು ಬಂದು ಸಿಕ್ಕಷ್ಟನ್ನು ಜಮಾಅತಿನೊಂದಿಗೆ ನಿರ್ವಹಿಸಿ ಉಳಿದದ್ದನ್ನು ಪೂರ್ತಿ ಮಾಡಬೇಕೆಂದು ಅವರು ಕಲಿಸಿದ್ದಾರೆ. ಈ ಹದೀಸ್‌ಗಳನ್ನು ನಾವೇ ಎಷ್ಟೋ ಸಲ ಪಾಠ ಮಾಡಿದ್ದೇವೆ. ನಮಾಝಿನ ಗಾಂಭೀರ್ಯದ ದೃಷ್ಟಿಯಿಂದ ವಿವರಿಸುತ್ತಿದ್ದೆವೇ ಹೊರತು, ನಡೆಯುವವನಿಗೆ ದಾರಿಬದಿಯವನು ಕಾಣುತ್ತಾನೆ, ಓಡುವವನಿಗೆ ಕಾಣುವುದಿಲ್ಲ ಎಂದು ಯೋಚಿಸಿರಲಿಲ್ಲ.

ಸನ್ನಿವೇಶವನ್ನು ಬದಲಿಸುವುದು ಸಾಧ್ಯ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಎತ್ತಲು ಜನ ಹಿಂಜರಿಯುತ್ತಿದ್ದುದು ಬಹುಪಾಲು ಪೊಲೀಸ್ ಠಾಣೆ ಮತ್ತು ಕೋರ್ಟಿನ ಅಲೆದಾಟದ ಭಯದಿಂದ. 2016ರಲ್ಲಿ ಸುಪ್ರೀಂ ಕೋರ್ಟ್ ಇಂತಹ ನೆರವುದಾರರ ರಕ್ಷಣೆಯ ಮಾರ್ಗಸೂಚಿಗಳನ್ನು ಕಡ್ಡಾಯಗೊಳಿಸಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಇದೇ ರಕ್ಷಣೆ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರು ತಮ್ಮ ಹೆಸರು ಹೇಳಲೇಬೇಕೆಂಬ ಒತ್ತಾಯ ಈಗಿಲ್ಲ. ನಮ್ಮ ಯುವಕರಲ್ಲಿ ಎಷ್ಟೋ ಮಂದಿಗೆ ಇದು ತಿಳಿದಿರಲಿಲ್ಲ, ಆದ್ದರಿಂದ ಖುತ್ಬಾದಲ್ಲೂ ಹೇಳಿದೆವು.

ಮಸೀದಿಯಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಜುಮಾದ ಜಮಾಅತಿನ ಸಮಯವನ್ನು ಫಲಕದಲ್ಲಿ ಬರೆದು ಹಾಕಿ ಅದಕ್ಕೆ ಅಂಟಿಕೊಂಡಿದ್ದೇವೆ. ಸಮಯ ಮೀರಿದರೆ ಮುಅದ್ದಿನ್ ಸಾಹೇಬರು ನಮಗೆ ಗಡಿಯಾರ ತೋರಿಸುತ್ತಾರೆ. ಎರಡನೆಯದಾಗಿ, ಪ್ರತಿ ಜುಮಾಕ್ಕೆ ಇಬ್ಬರು ಯುವಕರು ಸರದಿಯಂತೆ ಹೌಝ್ ಬಳಿ ನಿಲ್ಲುತ್ತಾರೆ. ಕುಳಿತವರನ್ನು, ತಡವರಿಸುವವರನ್ನು ಹೋಗಿ ಮಾತನಾಡಿಸುವುದೇ ಅವರ ಕೆಲಸ. ಖುತ್ಬಾವನ್ನು ಧ್ವನಿವರ್ಧಕದಲ್ಲಿ ಕೇಳುತ್ತಾರೆ, ಇಕಾಮತ್ ಆದಾಗ ಕೊನೆಯ ಸಫ್‌ನಲ್ಲಿ ಸೇರಿಕೊಳ್ಳುತ್ತಾರೆ. ವಯಸ್ಸಾದವರಿಗೂ ಒಂದು ಮಾತು ಹೇಳಿದ್ದೇವೆ: ಕಷ್ಟವಾದಾಗ ಯಾರಾದರೂ ನೋಡಲಿ ಎಂದು ಕಾಯಬೇಡಿ, ಎದುರಿಗೆ ಬಂದ ಒಬ್ಬನ ಹೆಸರು ಹಿಡಿದು ಕರೆಯಿರಿ. ಹತ್ತು ಜನರ ನಡುವೆ ಹಂಚಿ ಹೋಗಿದ್ದ ಹೊಣೆ ಆಗ ಒಬ್ಬನ ತಲೆಗೆ ಬರುತ್ತದೆ.

ಕಮಿಟಿಯಲ್ಲಿ ಈ ಸರದಿಗೆ ಆಕ್ಷೇಪವೂ ಬಂತು. ಮೊದಲ ಸಫ್‌ನ ಪುಣ್ಯ ಬಿಟ್ಟು ನಮ್ಮ ಮಕ್ಕಳು ಹೊರಗೇಕೆ ನಿಲ್ಲಬೇಕು ಎಂದು ಒಬ್ಬ ತಂದೆ ಕೇಳಿದರು. ಫರ್ಝ್ ಕಿಫಾಯದ ಪಾಠವನ್ನು ಅವರಿಗೆ ನೆನಪಿಸಿದೆವು. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಅಂದು ಹೌಝ್ ಬಳಿ ನಡೆದದ್ದು ಎರಡನೆಯದು, ಅದರಲ್ಲಿ ಇಮಾಮರೂ ಇದ್ದರು. ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವಾರದ ಪಟ್ಟಿಯಲ್ಲಿ ಮಗನ ಜೊತೆ ತಮ್ಮ ಹೆಸರನ್ನೂ ಬರೆಸಿದರು.